ಭಂಡಾರದ ನಾಲ್ಕನೆಯ ದಿನ

"ದೂರ ಸರೀಲೇ, ದೂರ. ಆ ಕೈ ನನ್ನ ಅಂಗಿಗಿ ತಾಗಿತಂದ್ರ ಮಣಿಕಟ್ಟಿಗೇ ಕಡದ ಒಗೀತೀನಿ, ರಂಡೆ."

ಶೆಟ್ಟೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದೆ ದ್ರಾಕ್ಷಿಯ ಸಾಲು, ಮುಂದೆ ಬಸವಪ್ರಭು. ಸರಿಯಲಿಕ್ಕೆ ಇದ್ದ ಜಾಗವೇ ಅಷ್ಟು. ಅವಳ ಎರಡೂ ಕೈ ಮೊಣಕೈತನಕ ಕೆಂಪಾಗಿದ್ದವು, ಈಗಷ್ಟೆ ಕುರಿ ಕೊಯ್ದು ಬಂದವಳ ಹಾಗೆ.

ದಸರೆ ಮುಗಿದು ವಾರವಾಗಿತ್ತು. ಇಂದಾಪುರದ ಆಚೆಯ ಆ ದ್ರಾಕ್ಷಿ ಪಡದಲ್ಲಿ ಕಡ್ಡಿ ಕತ್ತರಿಸುವ ಚಾಟ್ನಿ ಮುಗಿದು ಬಳ್ಳಿಗಳೆಲ್ಲ ಬೋಳು ಬೋಳಾಗಿ ನಿಂತಿದ್ದವು. ಕತ್ತರಿಸಿದ ಕಡ್ಡಿಯ ಒಂದೊಂದು ಕಣ್ಣಿಗೂ ಪೇಸ್ಟು ಹಚ್ಚಬೇಕು. ಹಚ್ಚಿದರೆ ಎಲ್ಲ ಕಣ್ಣೂ ಒಂದೇ ಸಲ ಚಿಗುರೊಡೆಯುತ್ತವೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ತಿಳಿಯಲೆಂದು ಆ ಔಷಧಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ಕ್ಯಾನಿನ ಜೊತೆ ಬಂದ ರಬ್ಬರಿನ ಕೈಗವಸುಗಳು ಆಫೀಸಿನ ಕಪಾಟಿನಲ್ಲಿದ್ದವು. ಕೂಲಿ ಗ್ಯಾಂಗಿನವರ ಕೈಯಲ್ಲಿ ಇದ್ದದ್ದು ಹಳೆಯ ಕಾಲುಚೀಲ. ಅದನ್ನು ಬಕೇಟಿನಲ್ಲಿ ಅದ್ದುವುದು, ಕಣ್ಣು ಹಿಚುಕುವುದು, ಮುಂದಕ್ಕೆ ನಡೆಯುವುದು.

ಬಸವಪ್ರಭು ಬೆಳಗಾವಿ ಕಡೆಯವನು. ವೈನು ನೋಡಲಿಕ್ಕೆ ಬರುವ ಪುಣೆಯ ಮಂದಿಗೆ ಪಡ ತೋರಿಸಿ, ಐದು ಬಾಟಲಿಯ ರುಚಿ ತೋರಿಸಿ ಕಳಿಸುವುದು ಅವನ ಕೆಲಸ. ಅವನು ದೂರ ಸರಿ ಅಂದದ್ದನ್ನು ಕೇಳಿದವರು ಮಡಿಯ ಮಾತು ಅಂದುಕೊಂಡಾರು. ಶೆಟ್ಟೆವ್ವನಿಗೆ ಗೊತ್ತಿತ್ತು, ಅದು ಜೀವದ ಮಾತು. ಬಂದ ಒಂದೊಂದು ತಂಡದ ಜೊತೆಗೂ ಅವನು ಒಂದೊಂದು ಗುಟುಕು ಎಳೆಯುತ್ತಾನೆ. ಮಧ್ಯಾಹ್ನಕ್ಕೆಲ್ಲ ಹೊಟ್ಟೆಯಲ್ಲಿ ಅರ್ಧ ಬಾಟಲಿ ಇರುತ್ತದೆ. ಪೇಸ್ಟು ಮೈಗೆ ಹತ್ತಿದವನು ಎಂಟು ದಿನ ಸೆರೆ ಮುಟ್ಟಬಾರದು, ಸೆರೆ ಕುಡಿದವನು ಪೇಸ್ಟು ಮುಟ್ಟಬಾರದು. ಮೈಯೊಳಗೆ ಅವೆರಡೂ ಕೂಡಿದರೆ ಮೋರೆ ಕೆಂಪಗೆ ಕಾದು, ಎದೆ ಬಡಿದು, ಉಸಿರು ಸಿಕ್ಕಿ ಬೀಳುತ್ತಾನೆ. ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ.

ಅವಳ ತಮ್ಮ ಸಂಜು ಹೋದ ವರ್ಷ ಹಾಗೆ ಬಿದ್ದಿದ್ದ. ಐದನೆಯ ದಿನ, ಒಂದೇ ಕ್ವಾರ್ಟರು. ನೆರಳಿಗೆ ಮಲಗಿಸಿ ಮಜ್ಜಿಗೆ ಕುಡಿಸು ಅಂದಿದ್ದ ಬಸವಪ್ರಭು. ಸಾವಿನ ಕಾಗದದಲ್ಲಿ ಬಿಸಿಲ ಹೊಡೆತ ಎಂದು ಬರೆಸಿದ್ದರು.

ಈ ವರ್ಷ ಪೇಸ್ಟಿನ ಮೊದಲ ದಿನ ಶೆಟ್ಟೆವ್ವ ಊರಿನಿಂದ ಗಂಟು ಕಟ್ಟಿ ತಂದಿದ್ದ ಯಲ್ಲಮ್ಮನ ಭಂಡಾರದ ಅರಿಷಿಣ ಬಿಚ್ಚಿ ಗ್ಯಾಂಗಿನ ಮೂವತ್ತೂ ಮಂದಿಯ ಹಣೆಗೆ ಬಳಿದಿದ್ದಳು. "ಎಂಟನೇ ದಿನ ನಾನs ನೀರ ಹಾಕಿ ತೊಳೀತೀನಿ. ಅಲ್ಲೀತನಕ ಹನಿ ಮುಟ್ಟಿದಂವ ತಾಯಿ ಮೊಲಿ ಕಚ್ಚಿದಂಗ" ಎಂದಿದ್ದಳು. ಅವಳ ಗಂಡ ಮಾಂತು ಗ್ಯಾಂಗಿಗೆಲ್ಲ ದೊಡ್ಡ ಕುಡುಕ. ಹಣೆ ಒಡ್ಡಿ, "ನನಗಷ್ಟ ಎರಡ ಬೆರಳ ದಪ್ಪ ಹಚ್ಚ, ನನ್ನ ನಂಬಬ್ಯಾಡ" ಎಂದು ನಕ್ಕಿದ್ದ. ಇದು ನಾಲ್ಕನೆಯ ದಿನ. ಮುಟ್ಟಿರಲಿಲ್ಲ.

"ನಿನ್ನ ಗಂಡನ್ನ ಕಳಸು" ಎಂದ ಬಸವಪ್ರಭು. "ಪಟಗಾ ಸುತ್ತಿ ನಿಲ್ಲೋ ವಾಚಮನ್ ರಜಾ ಹಾಕ್ಯಾನ. ಬಂದ ಮಂದಿಗೆ ಫೋಟೋಕ್ಕೊಬ್ಬ ರೈತ ಬೇಕು."

"ನಿಲ್ಲತಾನ್ರಿ. ಆದ್ರ ಬಾಯಿಗಿ ಹಚ್ಚಂಗಿಲ್ಲ, ಸಾಹೇಬ್ರ. ನಾಕನೇ ದಿನ ಇವತ್ತ."

"ನನಗ ಹೇಳ್ತೀಯೇನ? ಗೊತ್ತದ. ಗ್ಲಾಸ ಹಿಡದ ನಿಂತ್ರ ಸಾಕು."

ಸಾಲಿನ ತುದಿಯಲ್ಲಿ ಚಪ್ಪರ, ಚಪ್ಪರದ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜು. ಪುಣೆಯ ಕೋಥರೂಡದಿಂದ ಬಂದವರು ಇಬ್ಬರು. ಬ್ಯಾಂಕಿನಿಂದ ನಿವೃತ್ತನಾದ ಧಾರವಾಡದ ರಾಘಣ್ಣ, ಅವನ ಹೆಂಡತಿ ನೀಲಿಮಾ. ಪುಣೆಯ ಒಂದು ಕನ್ನಡ ಕೂಟಕ್ಕೆ ರಾಘಣ್ಣನೇ ಅಧ್ಯಕ್ಷ. ಮುಂದಿನ ತಿಂಗಳು ಕೂಟದ ಎರಡು ಬಸ್ಸು ಮಂದಿಯನ್ನು ಇಲ್ಲಿಗೇ ತರಬೇಕೋ ಬೇಡವೋ ನೋಡಲಿಕ್ಕೆ ಬಂದಿದ್ದ. ಶೆಟ್ಟೆವ್ವ ಮೂರನೆಯ ಸಾಲಿನ ಬಾಯಲ್ಲೇ ಬಕೇಟು ಇಟ್ಟುಕೊಂಡು ಕಣ್ಣು ಹಿಚುಕುವ ನೆವ ಮಾಡಿದಳು.

ಮಾಂತು ಗುಲಾಬಿ ಪಟಗಾ ಸುತ್ತಿಕೊಂಡು ಬಂದ. ಹಣೆಯ ಹಳದಿ ಒರೆಸು ಎಂದು ಬಸವಪ್ರಭು ಗದರಿದರೆ ನೀಲಿಮಾ, "ಇರ್ಲಿ ಬಿಡ್ರಿ, ಭಾಳ ಛಂದ ಕಾಣ್ತದ. ಕೈ ನೋಡ್ರಿ, ಮೆಹಂದಿ ಹಚ್ಚಿದಂಗ" ಎಂದು ಫೋನು ಎತ್ತಿದಳು.

"ಯಾವೂರಪಾ?" ಎಂದ ರಾಘಣ್ಣ.

"ಟಿಕೋಟಾ ಕಡೀರಿ. ಬಿಜಾಪುರ ಜಿಲ್ಲಾ."

"ಅರೆ, ನಮ್ಮಂವನs. ಅಡ್ಡಹೆಸರ?"

"ಮಾದರ್ರಿ."

ನೀಲಿಮಾ ಗಂಡನ ಮೋರೆ ನೋಡಿದಳು. ಆಮೇಲೆ ರಾಘಣ್ಣ ಎದ್ದ. ತನ್ನ ಪಕ್ಕದ ಕುರ್ಚಿಯನ್ನು ತಾನೇ ಎಳೆದ. "ಕೂಡು. ಹೆದರಬ್ಯಾಡ, ನನ್ನ ಬಾಜೂಕ ಕೂಡು. ಕೂಟದಾಗ ನಾ ಜಾತಿಭೇದದ ಮ್ಯಾಲೇ ಭಾಷಣ ಮಾಡೀನಿ. ನೀಲೂ, ವಿಡಿಯೋ ತಗಿ, ಗ್ರೂಪಿಗೆ ಹಾಕೂಣು. ಒಂದ ಬಾಟಲಿದು ಇಬ್ಬರೂ ಕೂಡಿ ಕುಡೀತೀವಿ."

ಮಾಂತು ಕುರ್ಚಿಯ ತುದಿಯಲ್ಲಿ ಕೂತ. ಅಂಥವರ ಎದುರು ಹುಟ್ಟಿದಾಗಿನಿಂದ ಕುರ್ಚಿ ಕಂಡವನಲ್ಲ. ಗ್ಲಾಸು ತುಂಬಿ ಮುಂದೆ ಬಂತು. ಅವನು ಅದನ್ನೂ ತನ್ನ ಕೈಯನ್ನೂ ನೋಡಿದ.

"ಒಲ್ಲೆರಿ. ಭಂಡಾರ ಹಚ್ಚೀನಿ. ಇನ್ನ ನಾಕ ದಿನ ನಡ್ಯಾಂಗಿಲ್ಲ."

"ದೇವರ ಹೆದರಿಕಿನಾ? ಜನಿವಾರದಂವ ನಾನ ಕುಡೀಲಿಕ್ಕತ್ತೀನಿ, ನಿನಗೇನ ಧಾಡಿ?" ರಾಘಣ್ಣ ತನ್ನ ಮಾತಿಗೆ ತಾನೇ ನಕ್ಕ.

"ದೇವರದಲ್ರಿ, ಔಷಧದ್ದು. ಮೈಯಾಗ ಔಷಧ ಇಳದದ. ಕುಡದ್ರ ಸಾಯ್ತೀವ್ರಿ."

"ಕೈ ತೊಳಕೊಂಡ್ರಾತಲ್ಲೋ." ರಾಘಣ್ಣನ ಮೋರೆ ಸ್ವಲ್ಪ ಸಣ್ಣದಾಯಿತು. "ನಾವಾಗಿ ಕರದು ಕೂಡಿಸಿದ್ರೂ ಇವರು ಬರಂಗಿಲ್ಲ ನೋಡ್ರಿ, ಬಸವಪ್ರಭು. ಆಮ್ಯಾಲೆ ನಮಗs ಅಂತಾರ."

ಒಂದು ಮಾತು ಸಾಕಿತ್ತು. ಹೌದ್ರಿ ಸರ್, ಅವನಿಗೆ ಕುಡಿಸಬಾರದು ಅಂದಿದ್ದರೆ ಮುಗಿಯುತ್ತಿತ್ತು. ಬಸವಪ್ರಭು ಮಾಂತುನ ಕಡೆ ನೋಡಿದ, ನೀಲಿಮಾಳ ಫೋನಿನ ಕಡೆ ನೋಡಿದ. ಅವನ ಕಣ್ಣಿಗೆ ಎರಡು ಬಸ್ಸು ಕಂಡವು.

"ಸೋಗರಿ ಸರ್. ನಸುಕಿನ್ಯಾಗ ಎದ್ದು ಬಾಯಿ ತೊಳಿಯೋದೇ ಸೆರೇಲೆ, ಈ ಮಂದಿ. ಏ, ಕುಡೀಲೇ."

"ಸಾಹೇಬ್ರ, ನಿಮಗೂ ಗೊತ್ತದಲ್ರಿ..."

ಬಸವಪ್ರಭು ಮೇಜಿನ ಮೇಲಿನ ಕರವಸ್ತ್ರವನ್ನು ಎರಡು ಮಡಿಕೆ ಮಾಡಿ ತನ್ನ ಅಂಗೈಗೆ ಸುತ್ತಿಕೊಂಡ. ಆ ಕೈಯಿಂದ ಮಾಂತುನ ದವಡೆ ಹಿಡಿದ. ಮುಟ್ಟಲಿಲ್ಲ, ಬಟ್ಟೆಯ ಮೇಲಿಂದಲೇ ಹಿಡಿದ.

ಶೆಟ್ಟೆವ್ವ ಕಾಲುಚೀಲ ಒಗೆದು ಓಡಿಬಂದಳು. "ಬಿಡ್ರೀ, ಸಾಯ್ತಾನ್ರಿ, ನಿಮ್ಮ ಕಾಲ ಬೀಳ್ತೀನಿ..." ಅವಳು ಬಗ್ಗುವುದಕ್ಕೆ ಮೊದಲೇ ಅವನ ಬೂಟು ಅವಳ ಹೊಟ್ಟೆಗೆ ಬಿತ್ತು. ಕಲ್ಲುಕಂಬಕ್ಕೆ ಬಾಯಿ ಬಡಿದು ಹಲ್ಲೊಂದು ನಾಲಗೆಯ ಮೇಲೆ ಬಂತು. ಬೂಟು ಇನ್ನೊಮ್ಮೆ ಬಿತ್ತು, ಪಕ್ಕೆಗೆ. "ಕೈ ತೋರಸ್ತೀ ನನಗ? ಕೈ ತೋರಸ್ತೀ, ಬೋಸಡಿ?"

"ಅಯ್ಯ, ಹೊಡೀಬ್ಯಾಡ್ರಿ, ಹೆಣಮಗಳು" ಎಂದಳು ನೀಲಿಮಾ. ಫೋನು ಮಾತ್ರ ಇಳಿಯಲಿಲ್ಲ.

"ಕುಡೀತೀನಿ" ಎಂದ ಮಾಂತು. "ಆಕೀನ್ನ ಬಿಡ್ರಿ. ಕುಡೀತೀನಿ." ಗ್ಲಾಸು ಎತ್ತಿ ನೀರು ಕುಡಿದ ಹಾಗೆ ಒಂದೇ ಏಟಿಗೆ ಇಳಿಸಿದ. ರಾಘಣ್ಣ ಚಪ್ಪಾಳೆ ತಟ್ಟಿ ಇನ್ನೊಂದು ತುಂಬಿದ. ಮಾಂತು ಹೆಂಡತಿಯ ಬಾಯಿಯ ರಕ್ತ ನೋಡುತ್ತ ಅದನ್ನೂ ಇಳಿಸಿದ.

ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಹೋಗಿರಲಿಲ್ಲ. ಮೊದಲು ಅವನ ಕಿವಿ ಕೆಂಪಾದವು. ಆಮೇಲೆ ಕುತ್ತಿಗೆ, ಆಮೇಲೆ ಮೋರೆ, ಬಕೇಟಿನಲ್ಲಿ ಅದ್ದಿ ತೆಗೆದ ಹಾಗೆ. ಪಟಗಾ ಕಿತ್ತು ಒಗೆದ. ಎದೆ ಹಿಡಿದುಕೊಂಡು ಏಳಲು ಹೋಗಿ ಮೇಜಿನ ಬಟ್ಟೆಯನ್ನು ಎಳೆದುಕೊಂಡೇ ಬಿದ್ದ. ಬಾಟಲಿಗಳು ಒಡೆದವು. ವಾಂತಿಯಲ್ಲಿ ವೈನೇ ಬಂತು.

"ಇಷ್ಟಕ್ಕ ಏರಿತೇನು?" ಎಂದ ರಾಘಣ್ಣ, ಕಾಲು ಹಿಂದೆ ಎಳೆದುಕೊಂಡು.

ಶೆಟ್ಟೆವ್ವ ತೆವಳಿ ಬಂದು ಗಂಡನ ತಲೆ ಎತ್ತಿದಳು. ಎದೆ ಪಾರಿವಾಳದ ಹಾಗೆ ಬಡಿಯುತ್ತಿತ್ತು. "ಗಾಡಿ ತಗೀರಿ. ಇಂದಾಪುರಕ್ಕ ಒಯ್ಯೂಣ್ರಿ. ಅರ್ಧಾ ತಾಸಿನ ಹಾದಿ ಅದ."

"ನಮ್ಮ ಗಾಡಿ..." ರಾಘಣ್ಣ ನೀಲಿಮಾಳನ್ನು ನೋಡಿದ. "ವಾಂತಿ ಮಾಡ್ಲಿಕ್ಕತ್ಯಾನಲ್ರಿ. ಅಂಬುಲೆನ್ಸಿಗೆ ಫೋನ್ ಹಚ್ಚೂದು ಛಲೋ." ಇಬ್ಬರೂ ಮಾತಾಡುತ್ತಲೇ ಹೋಗಿ ಕಾರಿನೊಳಗೆ ಕೂತರು. ಗಾಜು ಏರಿತು.

ಬಸವಪ್ರಭು ವೈನರಿಯ ವ್ಯಾನಿನ ಕೀಲಿಯನ್ನು ಪ್ಯಾಂಟಿನ ಕಿಸೆಗೆ ಇನ್ನೂ ಒಳಕ್ಕೆ ತುರುಕಿದ. "ಎಲ್ಲೂ ಒಯ್ಯೂದು ಬ್ಯಾಡ. ಮಾಲಕರ ಹೆಸರ ಪೇಪರಿಗೆ ಬರತದ. ನೆರಳಿಗಿ ಮಲಗಸು. ಮಜ್ಜಿಗಿ ಕುಡಸು."

ಶೆಟ್ಟೆವ್ವ ಆ ಮಾತು ಕೇಳಿ ಗಂಡನ ತಲೆಯನ್ನು ಮೆಲ್ಲಗೆ ನೆಲಕ್ಕೆ ಇಟ್ಟಳು. ಎದ್ದಳು. ಬಾಯಿಯ ಹಲ್ಲು ಉಗುಳಿದಳು. ಮೂರನೆಯ ಸಾಲಿಗೆ ನಡೆದುಹೋಗಿ ಬಕೇಟು ಎತ್ತಿಕೊಂಡಳು. ಕೆಲಸಕ್ಕೆ ಹೊರಟಳು ಅಂದುಕೊಂಡ ಬಸವಪ್ರಭು ಬೆನ್ನು ತಿರುಗಿಸಿದ.

ಅರ್ಧ ಬಕೇಟು ಅವನ ತಲೆಯ ಮೇಲೆ ಬಿತ್ತು. ತಿರುಗಿದವನ ಮೋರೆಗೆ ಅವಳ ಎರಡೂ ಅಂಗೈ ಬಿದ್ದವು. ಅವನು ಮುಷ್ಟಿ ಬೀಸಿದ, ಅವಳ ಹುಬ್ಬು ಹರಿಯಿತು. ಅವಳು ಬಿಡಲಿಲ್ಲ. ಇಬ್ಬರೂ ಒಡೆದ ಗಾಜಿನ ಮೇಲೆ ಉರುಳಿದರು. ಅವನ ಕೈ ಅವಳ ಕುತ್ತಿಗೆಗೆ ಬರುವಷ್ಟರಲ್ಲಿ ಯಾರೋ ಆ ಕೈಯನ್ನು ಮೆಟ್ಟಿದರು. ಸಾಲುಸಾಲುಗಳಿಂದ ಗ್ಯಾಂಗು ಬಂದು ಸುತ್ತ ನಿಂತಿತ್ತು. ಹಣೆಗೆ ಹಳದಿ, ಕೈಗೆ ಕೆಂಪು, ಕೆಲವರ ಸೊಂಟದಲ್ಲಿ ಚಾಟ್ನಿಯ ಕತ್ತರಿ. ಮೆಟ್ಟಿದವನು ಮುದುಕ ಮುರುಗೆಪ್ಪ.

ಶೆಟ್ಟೆವ್ವ ಬಸವಪ್ರಭುವಿನ ಎದೆಯ ಮೇಲೆ ಕೂತಳು. ಅಂಗಿಯ ಗುಂಡಿ ಹರಿದಳು. ಮದುಮಗನಿಗೆ ಅರಿಷಿಣ ಹಚ್ಚಿದಂತೆ ಸಾವಕಾಶ ಹಚ್ಚಿದಳು. ಕೆನ್ನೆಗೆ, ಕುತ್ತಿಗೆಗೆ, ಕಂಕುಳಿಗೆ, ತುಟಿಯ ಒಳಗೆ.

"ಮುಂಜಾನಿಂದ ಎಷ್ಟ ಗ್ಲಾಸ ಕುಡದೀ?"

"ನೀರು... ನೀರ ಹಾಕ್ರೋ, ತೊಳೀರೋ..."

"ಎಷ್ಟ ಕುಡದೀ ಅಂತ ಕೇಳಿನಿ."

ಅವನು ನಳದ ಕಡೆ ಕತ್ತು ಹೊರಳಿಸಿದ. ಮುರುಗೆಪ್ಪ ಅತ್ತ ನಡೆದು ಪೈಪನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿ, ವಾಲ್ವು ಮುಚ್ಚಿ ಬಂದ. "ಸಾಲಿನ್ಯಾಗ ನಮಗೂ ನೀರ ಇರಂಗಿಲ್ಲ, ಸಾಹೇಬ್ರ" ಎಂದ.

"ಈಗ ನಿನಗೂ ದವಾಖಾನಿ ಬೇಕು" ಎಂದಳು ಶೆಟ್ಟೆವ್ವ. "ಗಾಡಿ ಹೊಡ್ಯಾಕ ಬರೂದು ನಿನಗೊಬ್ಬವಗ. ಮಜ್ಜಿಗಿ ಕುಡದ ನೆರಳಿಗಿ ಮಲಗ್ತೀಯೋ, ಕೀಲಿ ತಗೀತೀಯೋ?"

ಕೀಲಿ ಬಂತು.

ನಾಲ್ಕು ಮಂದಿ ಮಾಂತುನನ್ನು ಎತ್ತಿ ವ್ಯಾನಿನ ಹಿಂದಿನ ಸೀಟಿಗೆ ಹಾಕಿದರು. ರಾಘಣ್ಣನ ಬಿಳಿ ಕಾರು ಗೇಟಿನ ಹತ್ತಿರ ನಿಂತಿತ್ತು. ಅದನ್ನು ದಾಟುವಾಗ ವ್ಯಾನಿನ ಹಿಂದೆ ನಡೆದು ಬಂದ ಗ್ಯಾಂಗಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅದರ ಗಾಜಿಗೆ ಅಂಗೈ ಒತ್ತಿದರು. ಒಳಗಿನವರು ಸೀಟಿನ ನಡುವೆ ಸರಿದು ಕೂತರು. ಫೋನು ಮಡಿಲಲ್ಲಿ ಬೋರಲು ಬಿದ್ದಿತ್ತು.

ಸೋಲಾಪುರದ ಹೆದ್ದಾರಿಗೆ ಬಂದಾಗ ಬಸವಪ್ರಭುವಿನ ಕಿವಿ ಕೆಂಪಾಗಿತ್ತು. ಅದು ಬಣ್ಣದ್ದೋ, ಒಳಗಿನದ್ದೋ, ಹಿಂದೆ ಕೂತ ಶೆಟ್ಟೆವ್ವನಿಗೆ ತಿಳಿಯಲಿಲ್ಲ. ಅವಳ ಒಂದು ಕೈ ಅವನ ಕುತ್ತಿಗೆಯ ಮೇಲಿತ್ತು, ಇನ್ನೊಂದು ಮಾಂತುನ ಎದೆಯ ಮೇಲೆ. ಮಾಂತುನ ಹಣೆಯ ಭಂಡಾರ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಅವಳು ಒರೆಸಲಿಲ್ಲ. ಇನ್ನೂ ನಾಲ್ಕು ದಿನ ಬಾಕಿ ಇತ್ತು.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಅಡ್ಡ ಬಂದಿದ್ದವು. ಬಸವಪ್ರಭು ಹಾರ್ನು ಒತ್ತಿದ ಕೈ ಎತ್ತದೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕನ್ನಡದಲ್ಲಿ, ಮರಾಠಿಯಲ್ಲಿ, ನೆನಪಾದದ್ದರಲ್ಲೆಲ್ಲ ಕೂಗುತ್ತಿದ್ದ. "ಹಾದಿ ಬಿಡ್ರೋ, ಜೀವ ಹೋಗ್ಲಿಕ್ಕತ್ತದ, ಜೀವ ಹೋಗ್ಲಿಕ್ಕತ್ತದ."

ಯಾರದು ಎಂದು ಶೆಟ್ಟೆವ್ವ ಕೇಳಲಿಲ್ಲ. ಅವಳ ಅಂಗೈಯ ಕೆಳಗೆ ಮಾಂತುನ ಎದೆ ಒಮ್ಮೆ ಎದ್ದು ಇಳಿಯಿತು. ಮತ್ತೆ ಏಳಲೆಂದು ಅವಳು ಕಾಯುತ್ತ ಕೂತಳು.