ರುಮಾಲು ಬಿದ್ದಾಗ ನಿಂತವನು

ಓಬಳೇಶನ ಹೆಣ ಕಾಲುವೆಯ ತೂಬಿನ ಬಳಿ ಸಿಕ್ಕಿತೆಂಬ ಸುದ್ದಿ ಸೋಮವಾರ ಬೆಳಿಗ್ಗೆ ಬಂದಾಗ, ಅವನ ತಂದೆ ಭರಮಣ್ಣನವರು ಕಂಪ್ಲಿಯ ಗರಡಿಯಲ್ಲಿ ಕತ್ತಿವರಸೆ ಕಲಿಸುತ್ತಿದ್ದರು. ನೀರಿಗೆ ಜಾರಿದ ಎಮ್ಮೆಯನ್ನು ಎಳೆಯಲು ಇಳಿದವನು ಮೇಲೆ ಬಂದಿರಲಿಲ್ಲ. ಅಂದೇ ಮಣ್ಣು ಮಾಡಿದರು. ಮನೆಯಲ್ಲಿ ಅವನದೊಂದು ಫೋಟೊ ಕೂಡ ಇರಲಿಲ್ಲ. ಮುಖ ಮರೆತುಹೋದರೆ ಹೇಗೆಂದು ತಾಯಿ ಗಾಳೆಮ್ಮ ಅದೊಂದೇ ಮಾತು ಹಿಡಿದು ಕೂತಳು.

ಹಿಂದಿನ ವರ್ಷ ಹಂಪಿಯಲ್ಲಿ ರಾಜರ ಕಾಲದ ದ್ವಂದ್ವಯುದ್ಧದ ಸಿನಿಮಾ ತೆಗೆದಾಗ ಓಬಳೇಶ ನಾಯಕನಟನ ಬದಲಿಗೆ ಕತ್ತಿ ಹಿಡಿದಿದ್ದ. ಮುಖ ಕಾಣದಂತೆ ಕ್ಯಾಮೆರಾಕ್ಕೆ ಬೆನ್ನು ಮಾಡಿಯೇ ಕಾದಾಡಬೇಕೆಂದು ಕಟ್ಟಪ್ಪಣೆ. ಆದರೆ ಎದುರಾಳಿಯ ರುಮಾಲು ಬಿದ್ದರೆ, ಅವನು ಮತ್ತೆ ಸುತ್ತಿಕೊಳ್ಳುವ ತನಕ ಕತ್ತಿ ಇಳಿಸಿ ಮುಖ ಹೊರಳಿಸಿ ನಿಲ್ಲಬೇಕೆಂಬುದು ಭರಮಣ್ಣನವರ ಗರಡಿಯ ಕಟ್ಟಳೆ. ರುಮಾಲು ಬಿತ್ತು; ಓಬಳೇಶ ಹೊರಳಿ ನಿಂತ, ಮುಖ ಕ್ಯಾಮೆರಾಕ್ಕೆ ಬಿತ್ತು. ಮಗನ ಮುಖ ಉಳಿದದ್ದು ಅಲ್ಲೊಂದೇ ಕಡೆ.

ಪತ್ರಿಕೆಗಳು ಉಡುಪನ್ನೂ ಹಾಡುಗಳನ್ನೂ ಹೊಗಳಿ ಕಾದಾಟವನ್ನು ಹೀಗಳೆದಿದ್ದವು. ಕೊಲ್ಲುವ ಗಳಿಗೆಯಲ್ಲಿ ವೀರ ಕತ್ತಿ ಇಳಿಸಿ ಪಕ್ಕಕ್ಕೆ ನೋಡುತ್ತಾನೆ, ಮುಖವೂ ಬೇರೆ ಯಾರದೋ, ಇಷ್ಟು ನಗೆಗೇಡಿನ ದೃಶ್ಯ ಕಂಡಿಲ್ಲ ಎಂದು ಒಬ್ಬ ವಿಮರ್ಶಕ ಬರೆದಿದ್ದ. ಅದನ್ನು ಓದಿಸಿ ಕೇಳಿ ಅಪ್ಪ ಮಗ ನಕ್ಕಿದ್ದರು. ಹೊಸಪೇಟೆಗೆ ಬಂದಾಗ ನೋಡೋಣ ಅಂದುಕೊಂಡಿದ್ದರು.

ಬಂದದ್ದು ಇದೇ ವಾರ. ಶುಕ್ರವಾರ ಆಟ ಬದಲು. ಸೂತಕದಲ್ಲಿ ಹೊಸ್ತಿಲು ದಾಟಬಾರದೆಂದು ಬಳಗದವರು ತಡೆದರೂ ಕೇಳದೆ ಭರಮಣ್ಣನವರು ಗುರುವಾರ ಗಾಳೆಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದರು.

ರುಮಾಲು ಬೀಳುವ ದೃಶ್ಯ ಯಾವಾಗ ಬರುತ್ತದೆಂದು ಕೇಳಿದಾಗ ಟಾಕೀಸಿನ ಮ್ಯಾನೇಜರ್ ವಿರೂಪಾಕ್ಷಪ್ಪ ತಲೆ ತಗ್ಗಿಸಿದ. "ಅದನ್ನ ಕತ್ತರಿಸಿಬಿಟ್ಟೀವ್ರಿ, ಹಿರಿಯರ. ಪೇಪರ್‌ನ್ಯಾಗ ಓದಿದ ಜನ ಅಲ್ಲೇ ಶಿಳ್ಳಿ ಹೊಡೀತಿದ್ರು."

"ನನ್ನ ಮಗ ಅದಾನಪ್ಪ ಅದರಾಗ," ಅಂದರು ಭರಮಣ್ಣನವರು. "ಮೊನ್ನೆ ಮಣ್ಣು ಮಾಡೀವಿ."

ಸಿನಿಮಾ ಓಡಿಸುವ ಮೂಕಣ್ಣ ಕಸದ ಡಬ್ಬಿ ಬಗ್ಗಿಸಿ ಹುಡುಕಿದ. ಗೇಣುದ್ದದ ರೀಲಿನ ತುಂಡೊಂದು ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದರೆ ಮುಖ ಜೋಳದ ಕಾಳಿಗಿಂತ ಸಣ್ಣದು. ಮುದುಕರಿಬ್ಬರ ಕಣ್ಣಿಗೆ ಏನೂ ಕಾಣಲಿಲ್ಲ. ಹತ್ತಿರ ಹಿಡಿದರು, ದೂರ ಹಿಡಿದರು. ಗಾಳೆಮ್ಮ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು.

"ಹೆಂಗದಾನ? ನೀನರ ಹೇಳಪ್ಪ," ಎಂದಳು.

ಮೂಕಣ್ಣ ಬಹಳ ಹೊತ್ತು ನೋಡಿದ. "ಸುಮ್ಮನ ನಿಂತಾನಬೇ," ಎಂದ. "ಸಿಟ್ಟಿಲ್ಲ."

ಭರಮಣ್ಣನವರು ಅಲ್ಲೇ ಹಂಪಿಯ ದಿಕ್ಕಿಗೆ ತಿರುಗಿ ಕೈ ಮುಗಿದರು. ತಂದೆ ಪಂಪಾಪತಿ, ನಾನು ಕಲಿಸಿದ್ದನ್ನು ಅವನು ಮೀರಲಿಲ್ಲ. ಕಾಣದ ಕಣ್ಣು ನಮ್ಮವು, ನೀನಾದರೂ ಅವನ ಮುಖ ನೋಡು. ನನ್ನ ಓಬಳೇಶನನ್ನು ನಿನ್ನ ಪಾದದ ಬಳಿ ಕೂರಿಸಿಕೋ. ಅವನ ಜೀವಕ್ಕೆ ಶಾಂತಿ ಕೊಡು.