ರಿಬ್ಬನ್ ಬಿಚ್ಚಿಕೊಂಡು ಬಂದ ದಾರಿ

೧

ಎಲ್ಲಿಂದ ಶುರು ಮಾಡುವುದು? ಓಟದ ಕಥೆಯಾದ್ದರಿಂದ ಶಿಳ್ಳೆಯಿಂದಲೇ ಆಗಲಿ ಎಂದು, "ಬೆಳಿಗ್ಗೆ ಏಳಕ್ಕೆ ರಾಕೇಶ ಶಿಳ್ಳೆ ಊದಿದ, ಐವತ್ತೆಂಟು ಜನ ಕಾಡಿನೊಳಗೆ ಓಡಿದರು" ಎಂದು ಬರೆದೆ. ಹೊಡೆದು ಹಾಕಿದೆ. ಓಡಿಹೋದವರ ಕಥೆ ಇದಲ್ಲ. ಎಲ್ಲರೂ ಹೋದ ಮೇಲೆ, ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು, ನಿಧಾನಕ್ಕೆ ಹೊರಟವಳ ಕಥೆ.

ಹಾಗಾದರೆ ಕೊನೆಯವಳಿಂದಲೇ ಶುರುವಾಗಲಿ. (ಜಾಣತನ ಅಂದುಕೊಳ್ಳಬೇಡಿ. ಬೇರೆ ದಾರಿ ಕಾಣಲಿಲ್ಲ, ಅಷ್ಟೆ.)

೨

ರಮ್ಯ ನೆಮ್ಮಾರಿನವಳು. ಹರಿಹರಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಕೆರೆಕಟ್ಟೆಯಿಂದಾಚೆ, ಹೊಳೆ ಕಮರಿಗೆ ಇಳಿಯುವ ಕಡೆ ಒಂದು ಪಾರ್ಕಿದೆ (ಮ್ಯಾಪಿನಲ್ಲಿ ಹುಡುಕಬೇಡಿ, ನಾನು ಮಾಡಿದ್ದು). ಅದರೊಳಗೆ ಗೇಟಿನಿಂದ ಹೊರಟು ಸುತ್ತಿ ಮತ್ತೆ ಗೇಟಿಗೇ ಬರುವ ಹದಿನಾರು ಕಿಲೋಮೀಟರ್ ಕಾಲುದಾರಿ. ಡಿಸೆಂಬರಿನ ಒಂದು ಭಾನುವಾರ ಅಲ್ಲಿ ಟ್ರೇಲ್ ರನ್, ಕಾಡುದಾರಿಯ ಓಟ. ಯಾರೂ ದಾರಿ ತಪ್ಪದಿರಲೆಂದು ಹಿಂದಿನ ದಿನವೇ ಮರಮರಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಎಲ್ಲರಿಗಿಂತ ಹಿಂದೆ ಬರುವವರನ್ನು ಸ್ವೀಪರ್ ಎನ್ನುತ್ತಾರೆ. ಕಟ್ಟಕಡೆಯ ಓಟಗಾರನ ಬೆನ್ನಿಗಿರುವುದು, ದಾಟಿದ ರಿಬ್ಬನ್‌ಗಳನ್ನೆಲ್ಲ ಬಿಚ್ಚಿಕೊಂಡು ಬರುವುದು ಅವರ ಕೆಲಸ. ಕಾಡಿನಲ್ಲಿ ಪ್ಲಾಸ್ಟಿಕ್ ಉಳಿಯಬಾರದಲ್ಲ.

ಹೊರಡುವ ಮುಂಚಿನ ಸಂಜೆ ಅಜ್ಜಿ ಅನ್ನಮ್ಮ ಕೇಳಿದ್ದಳು: "ಟೀಚರಾಗಿ ಕಾಡು ಗುಡಿಸೋಕೆ ಹೊರಟ್ಯೇನೆ ಮಾರಾಯ್ತಿ?"

"ಗುಡಿಸೋದಲ್ಲ ಅಜ್ಜಿ. ಹಿಂದೆ ಯಾರೂ ಉಳೀದಂಗೆ ನೋಡ್ಕಂಡು ಬರೋದು."

"ನಿನ್ನ ಹಿಂದೆ ಯಾರಿರ್ತಾರೆ?"

"ಯಾರೂ ಇರಲ್ಲ."

ಅನ್ನಮ್ಮನ ನಗು ನಿಂತಿತು. "ಹಂಗಾದ್ರೆ ಕೇಳು. ಕಾಡಲ್ಲಿ ನಮ್ಮೋರಾದ್ರೆ ಕೂ ಹಾಕ್ತಾರೆ, ಹೆಸರು ಹಿಡಿಯಲ್ಲ. ಹಿಂದಿಂದ ಹೆಸರು ಹಿಡಿದು ಯಾರಾದ್ರೂ ಕರೆದ್ರೆ, ಮೂರನೇ ಸಲದವರೆಗೂ ಓಗೊಡಬ್ಯಾಡ, ತಿರುಗ್ಲೂಬ್ಯಾಡ. ಮನುಷ್ಯರು ಮೂರು ಸಲ ಕರೀತಾರೆ. ಅದಕ್ಕೆ ಎರಡೇ ಬರೋದು."

"ಯಾವುದಕ್ಕೆ?"

"ಅದಕ್ಕೂ ಹೆಸರಿಡಬಾರ್ದು."

೩

ಓಟ ಶುರುವಾಗುವ ಮುಂಚೆ ರಾಕೇಶ, ಅವನೇ ಇದನ್ನೆಲ್ಲ ನಡೆಸುವ ಕೊಪ್ಪದ ಜಿಮ್ಮಿನವನು, ರಮ್ಯಳನ್ನು ಮುಂದೆ ನಿಲ್ಲಿಸಿ, "ಇವರು ರಮ್ಯ. ಇವರು ನಿಮ್ಮನ್ನ ದಾಟಿ ಹೋದ್ರು ಅಂದ್ರೆ ನಿಮ್ಮ ಕಥೆ ಮುಗೀತು" ಎಂದ. ಎಲ್ಲರೂ ನಕ್ಕರು.

ನಲವತ್ತೇಳನೇ ನಂಬರಿನವನು ಹತ್ತಿರ ಬಂದ. ವಿಘ್ನೇಶ, ನರಸಿಂಹರಾಜಪುರದಲ್ಲಿ ಮೆಡಿಕಲ್ ಶಾಪಿನವನು. ಹೊಸ ಶೂ, ಬೆಲೆಯ ಚೀಟಿಯೂ ಪೂರ್ತಿ ಕಿತ್ತಿರಲಿಲ್ಲ.

"ಮೇಡಮ್, ನಾನೇ ಲಾಸ್ಟು, ಈಗ್ಲೇ ಹೇಳಿಬಿಡ್ತೀನಿ. ನಡ್ಕೊಂಡು ಹರಟೆ ಹೊಡ್ಕೊಂಡು ಬರೋಣ."

"ಓಡ್ರೀ ಸುಮ್ನೆ. ನಿಮ್ಮಂಥೋರೇ ಮುಂದೆ ಹೋಗಿ ಫೋಟೋ ತೆಗೆಸ್ಕಳೋದು."

೪

(ಇಲ್ಲಿ ಕಮರಿಯ ವರ್ಣನೆಯಿತ್ತು, ಒಂದೂವರೆ ಪುಟ. ರಮ್ಯ ತೆಗೆಸಿದಳು. "ಮಂಜು, ಜರಿಗಿಡ, ಎಲ್ಲ ಸರಿ. ಬೇಕಾದ್ದು ಒಂದೇ, ಅದನ್ನ ಬರೀರಿ" ಎಂದಳು. ಬರೆಯುತ್ತೇನೆ: ಆ ಕಮರಿಯಲ್ಲಿ ಯಾವ ಸದ್ದು ಮಾಡಿದರೂ ಎದುರು ದಡದ ಬಂಡೆ ಒಂದು ಸಲ ಅದನ್ನು ವಾಪಸು ಕೊಡುತ್ತದೆ. ಕೆಮ್ಮಿದರೆ ಕೆಮ್ಮು. ಕಲ್ಲು ಜಾರಿದರೆ ಕಲ್ಲು.)

೫

ಎಂಟನೇ ಕಿಲೋಮೀಟರಿನಲ್ಲಿ ನೀರಿನ ಟೇಬಲ್. ಅಲ್ಲಿ ವಾಸಪ್ಪ ಕೂತಿದ್ದ. ಬಂದವರ ನಂಬರಿಗೆ ಪಟ್ಟಿಯಲ್ಲಿ ಗೀಟು ಹಾಕುವುದು ಅವನ ಕೆಲಸ. ರಮ್ಯ ಬಂದಾಗ ಪಟ್ಟಿ ಮಡಿಸಿ ಜೇಬಿಗಿಟ್ಟಿದ್ದ.

"ಐವತ್ತೆಂಟೂ ದಾಟಿದ್ವು. ಅಗೋ, ಆ ಕುಂಟ್ತಾ ಹೋಗ್ತಿದಾರಲ್ಲ, ನೀಲಾಂಬಿಕೆ ಅಂತೆ, ಅವರೇ ಕೊನೆ."

ವಾಸಪ್ಪ ಸುಳ್ಳು ಹೇಳಲಿಲ್ಲ. ವಿಘ್ನೇಶ ಟೇಬಲ್ ದಾಟಿದ್ದು ನಿಜ. ದಾಟಿ, ಒಂಬತ್ತನೇ ಕಿಲೋಮೀಟರಿನ ತಿರುವಿನಲ್ಲಿ, ಹೊಸ ಶೂ ಕಚ್ಚಿದ ಹಿಮ್ಮಡಿಯನ್ನು ನೀರಿಗಿಡಲು ಹೊಳೆಯ ಗುಂಡಿಗಿಳಿದ. ಅವನು ಕೆಳಗಿದ್ದಾಗ ನೀಲಾಂಬಿಕೆ ಮೇಲೆ ಹೋದಳು. ಅವಳ ಹಿಂದೆಯೇ ರಮ್ಯ ಹೋದಳು. ತಿರುವಿನ ರಿಬ್ಬನ್ ಬಿಚ್ಚಿದಳು. ಅದರ ಮುಂದಿನದನ್ನೂ, ಅದರ ಮುಂದಿನದನ್ನೂ.

(ಇದು ನನಗೆ ಗೊತ್ತು, ನಿಮಗೂ ಈಗ ಗೊತ್ತು. ಅವಳಿಗೆ ಗೊತ್ತಿರಲಿಲ್ಲ.)

ಇಪ್ಪತ್ತು ರಿಬ್ಬನ್ ಬಿಚ್ಚಿರಬಹುದು.

"ರಮ್ಯಾ."

ಹಿಂದಿನಿಂದ, ತುಸು ಕೆಳಗಿನಿಂದ. ಗಂಡು ದನಿ. ಅವಸರವಿಲ್ಲದ್ದು. ಕೈ ಗಂಟಿನ ಮೇಲೆಯೇ ನಿಂತಿತು. ಅಜ್ಜಿ ಹೇಳಿದ್ದನ್ನು ತಾನು ನಂಬುವುದಿಲ್ಲ ಎಂದುಕೊಂಡಿದ್ದವಳು ಮನಸ್ಸಿನಲ್ಲೇ ಎಣಿಸಿದಳು: ಒಂದು.

"ರಮ್ಯಾ."

ಎರಡು.

ಕಾದಳು. ಎಲೆಯಿಂದ ನೀರು ತೊಟ್ಟಿಕ್ಕುವಷ್ಟು ಹೊತ್ತು, ಇನ್ನೊಂದು ತೊಟ್ಟಿಕ್ಕುವಷ್ಟು ಹೊತ್ತು. ಮೂರನೆಯದು ಬರಲಿಲ್ಲ. ಗಂಟು ಬಿಚ್ಚಿ, ರಿಬ್ಬನ್ನನ್ನು ಚೀಲಕ್ಕೆ ಹಾಕಿ, ತಿರುಗದೆ ಮುಂದೆ ನಡೆದಳು. ನೂರು ಹೆಜ್ಜೆಯಾದ ಮೇಲೆ ಹೊಳೆಯಿತು: ಆ ಕರೆ ಎದುರು ಬಂಡೆಯಿಂದ ವಾಪಸು ಬಂದಿರಲಿಲ್ಲ.

೬

ಮಧ್ಯಾಹ್ನ ಹನ್ನೆರಡಕ್ಕೆ ಗೇಟು. ನೆಲಕ್ಕೆ ಹಾಸಿದ ರಬ್ಬರ್ ಮ್ಯಾಟಿನ ಮೇಲೆ ಕಾಲಿಟ್ಟರೆ ಎದೆಯ ನಂಬರಿನ ಹಿಂದೆ ಅಂಟಿಸಿದ ಚಿಪ್‌ನಿಂದ ಬೀಪ್ ಬರುತ್ತದೆ, ನಂಬರು ಲ್ಯಾಪ್‌ಟಾಪಿನಲ್ಲಿ ಬೀಳುತ್ತದೆ. ನೀಲಾಂಬಿಕೆ ಕುಂಟುತ್ತಾ ದಾಟಿದಳು: ಬೀಪ್. ರಮ್ಯ ದಾಟಿದಳು: ಬೀಪ್.

ಮೂರು ಸೆಕೆಂಡಿನ ಮೇಲೆ, ಬೀಪ್.

ರಮ್ಯ ಈಗ ತಿರುಗಿದಳು. ಮ್ಯಾಟಿನ ಮೇಲೆ ಯಾರೂ ಇರಲಿಲ್ಲ.

"ಐವತ್ತೆಂಟಕ್ಕೆ ಐವತ್ತೆಂಟು, ಮೇಲೆ ನೀನೊಬ್ಬಳು!" ರಾಕೇಶ ಲ್ಯಾಪ್‌ಟಾಪ್ ಮುಚ್ಚಲು ಹೊರಟ. "ಬಾ ಮಾರಾಯ್ತಿ, ಇಡ್ಲಿ ಮುಗಿಯೋದ್ರೊಳಗೆ ತಿನ್ನು."

"ಕೊನೆಗೆ ಬಂದಿದ್ದು ಯಾವ ನಂಬರು?"

"ನಲವತ್ತೇಳು. ವಿಘ್ನೇಶ. ನಿನ್ ಜೊತೆನೇ ಬಂದ್ನಲ್ಲ, ಎಲ್ಲಿ?"

೭

(ಅ) ಮೊದಲು ಬರೆದ ಕೊನೆ: ವಿಘ್ನೇಶ ಆಗಲೇ ಇಡ್ಲಿ ತಿನ್ನುತ್ತಿದ್ದ. ಯಾರೂ ನೋಡದಿದ್ದಾಗ ಅಡ್ಡದಾರಿಯಲ್ಲಿ ಬಂದು, ಮ್ಯಾಟಿನ ಅಂಚು ತುಳಿದಿದ್ದ. ಎಲ್ಲರೂ ನಕ್ಕರು. ಕಥೆ ಮುಗಿಯಿತು.

"ಹಂಗಾದ್ರೆ ಕರೆದಿದ್ದು ಯಾರು?" ಎಂದು ರಮ್ಯ ಕೇಳಿದಳು.

ಅದೇ ಸ್ವಾರಸ್ಯ ಅಲ್ಲವೇ ಎಂದೆ.

"ನಿಮಗೆ ಸ್ವಾರಸ್ಯ. ಅಲ್ಲಿ ನೋಡಿ."

ನೋಡಿದೆ. ಓಡಿದವರ ಗಾಡಿಗಳೆಲ್ಲ ಹೊರಟುಹೋಗಿದ್ದವು. ಹಲಸಿನ ಮರದ ಬುಡದಲ್ಲಿ ವಿಘ್ನೇಶನ ಬೈಕು. ಕನ್ನಡಿಗೆ ಸಿಕ್ಕಿಸಿದ ಕೆಂಪು ಹೆಲ್ಮೆಟ್ಟು. (ಅದನ್ನು ನಾನು ಅಲ್ಲಿಟ್ಟಿರಲಿಲ್ಲ.)

(ಆ) ಗುಂಡಿಯಲ್ಲಿ

ಇಲ್ಲ. ಇದನ್ನು ಬರೆಯುವುದಿಲ್ಲ.

೮

ಒಂದು ಉಪಾಯ ಹೇಳಿದೆ ಅವಳಿಗೆ. ಕರೆದದ್ದನ್ನು ಯಾರಿಗೂ ಹೇಳಬೇಡ. ಕಂಪ್ಯೂಟರೇ ಎಲ್ಲರೂ ಬಂದರು ಎನ್ನುತ್ತಿದೆ. ನಿನ್ನ ಮೇಲೆ ಯಾವ ತಪ್ಪೂ ಬರುವುದಿಲ್ಲ. ಓದುಗರಿಗೆ ಮಾತ್ರ ಗೊತ್ತಿರುತ್ತದೆ, ಚೆನ್ನಾಗಿರುತ್ತದೆ.

ರಮ್ಯ ನನ್ನ ಕಡೆ ನೋಡಲಿಲ್ಲ. ರಾಕೇಶನಿಗೆ ಹೇಳಿದಳು: "ಒಂಬತ್ತನೇ ಕಿಲೋಮೀಟರಿನ ಹತ್ರ ನನ್ನನ್ನ ಯಾರೋ ಕರೆದ್ರು. ಎರಡು ಸಲ. ನಾನು ಓ ಅನ್ನಲಿಲ್ಲ."

"ಯಾಕೆ?"

ಅವಳು ಹೆಗಲಿನ ಚೀಲವನ್ನು ಮುಂದಕ್ಕೆ ಹಿಡಿದಳು. "ಅವನಿಗೆ ವಾಪಸ್ ಬರೋಕೆ ಇದ್ದ ದಾರಿ ಈ ಚೀಲದಲ್ಲಿದೆ" ಎಂದಳು.

ರಾಕೇಶ ಫಾರೆಸ್ಟಿನವರಿಗೆ ಫೋನು ಹಚ್ಚಿದ. ಜನ ಸೇರಿಸಿಕೊಂಡು ಬರಲು ಮುಕ್ಕಾಲು ಗಂಟೆ ಎಂದರಂತೆ. ಇವನು ಫೋನು ಇಡುವಷ್ಟರಲ್ಲಿ ರಮ್ಯ ಗೇಟಿನೊಳಗೆ ಹೋಗಿ, ತಾನು ಬಂದ ದಾರಿಯ ಮೊದಲನೇ ಮರಕ್ಕೆ ರಿಬ್ಬನ್ ಕಟ್ಟುತ್ತಿದ್ದಳು.

೯

ಇಲ್ಲಿ ನಿಲ್ಲಿಸಿದ್ದರೆ ಪತ್ರಿಕೆಗೆ ಸರಿಯಾದ ಅಳತೆಯಾಗುತ್ತಿತ್ತು. ನಿಲ್ಲಿಸಲಾಗುವುದಿಲ್ಲ, ಕಾರಣ ಹೇಳುತ್ತೇನೆ.

ನಾನು ಬೆಳೆದದ್ದು ಕಥೆ ಕೇಳುತ್ತ. ನಮ್ಮ ಜಗಲಿಯಲ್ಲಿ ಸಚ್ಚಿದಾನಂದ ಭಟ್ಟರು ಸಂಜೆ ಹೊತ್ತು ಪದ್ಯ ವಾಚನ ಮಾಡುತ್ತಿದ್ದರು. ನನ್ನ ಕೆಲಸ ಪದ್ಯಕ್ಕೊಂದು ಹ್ಞೂಂ ಅನ್ನುವುದು. ಅವರದೊಂದು ನೇಮವಿತ್ತು: ಕಥೆಯಲ್ಲಿ ಯಾರಾದರೂ ಕಾಡಿನಲ್ಲಿರುವಾಗ ಪುಸ್ತಕ ಮಡಿಸಕೂಡದು. ಒಂದು ಸಂಜೆ ಶೃಂಗೇರಿಯ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ, ಕಾಡಿಗೆ ಹೋದ ರಾಜನನ್ನು ಊರ ಬಾಗಿಲಿಗೆ ತಂದು ಬಿಡುವವರೆಗೂ ಓದಿದರು. ಬಸ್ಸು ಹೋಯಿತು. "ಅವನನ್ನು ಅಲ್ಲಿ ಬಿಟ್ಟು ನಾನು ಮನೆಗೆ ಹೋಗಿ ಎಂತ ಊಟ ಮಾಡ್ಲಿ?" ಎಂದರು.

ಆದ್ದರಿಂದ ಮುಂದೆ ಹೋಗೋಣ.

೧೦

ಅವಳು ಕಟ್ಟುತ್ತ ಹೋದಳು. ಬಿಚ್ಚುವಾಗ ಅರೆಕ್ಷಣದ ಕೆಲಸ. ಕಟ್ಟುವಾಗ ಪ್ರತಿಯೊಂದಕ್ಕೂ ನಿಲ್ಲಬೇಕು. ಮಧ್ಯಾಹ್ನ ಎರಡು ಗಂಟೆ, ಆದರೂ ಮರಗಳ ಕೆಳಗೆ ಹೊತ್ತು ಗೊತ್ತಾಗದಂಥ ಹಸಿರು ಮಬ್ಬು. ಮರಕ್ಕೊಂದು ರಿಬ್ಬನ್, ರಿಬ್ಬನ್ನಿಗೊಂದು ಕೂ.

"ಕೂ..."

ಎದುರು ಬಂಡೆ ವಾಪಸು ಕೊಟ್ಟಿತು: ಕೂ. ಅದನ್ನು ಕೇಳಿದಾಗಲೆಲ್ಲ ಅವಳಿಗೆ ಧೈರ್ಯವಾಗುತ್ತಿತ್ತು. ಸದ್ದು ವಾಪಸು ಬರುತ್ತಿರುವವರೆಗೆ ತಾನು ಈ ಕಡೆಯವಳು, ಮನುಷ್ಯರ ಕಡೆಯವಳು.

ಒಂಬತ್ತನೇ ಕಿಲೋಮೀಟರಿನ ತಿರುವು. ಗುಂಡಿಗಿಳಿಯುವ ಜಾಡಿನ ಬಾಯಲ್ಲಿ ಜರಿಗಿಡದ ಗರಿಗಳು ಒಂದೇ ಕಡೆಗೆ ಮಲಗಿದ್ದವು. ಇಳಿದಳು. ನೀರಂಚಿನ ಕಲ್ಲಿನ ಮೇಲೆ ಒಂದು ಜೊತೆ ಹೊಸ ಶೂ, ಒಳಗೆ ಮಡಿಸಿಟ್ಟ ಕಾಲುಚೀಲ. ಎದೆಗೆ ಹಾಕುವ ನಂಬರು ಇರಲಿಲ್ಲ. ನೀರು ಅಲುಗುತ್ತಿರಲಿಲ್ಲ.

ಅವಳು ಶೂಗಳನ್ನು ಎತ್ತಿಕೊಂಡು ಮೇಲೆ ಬಂದು, ತಿರುವಿನ ಮರಕ್ಕೆ ರಿಬ್ಬನ್ ಸುತ್ತಿದಳು.

"ರಮ್ಯಾ."

ಬೆನ್ನ ಹಿಂದೆ. ಅದೇ ದನಿ, ಅದೇ ನಿಧಾನ. ಬಂಡೆ ಅದನ್ನು ವಾಪಸು ಕೊಡಲಿಲ್ಲ.

ಅನ್ನಮ್ಮನ ಮಾತು ಅವಳಿಗೆ ನೆನಪು ಮಾಡಿಕೊಟ್ಟೆ. ಮೂರನೆಯದಕ್ಕೆ ಕಾಯಿ ಎಂದೆ. ಬೇಕಾದರೆ ಮೂರನೆಯದನ್ನು ನಾನೇ ಬರೆಯುತ್ತೇನೆ, ಒಂದೇ ಸಾಲು, ನನ್ನ ಕೈಯಲ್ಲಿದೆ ಎಂದೆ.

"ಬ್ಯಾಡ. ನೀವು ಕರೆದ್ರೆ ಅದು ಅವನು ಕರೆದಂಗಾಗಲ್ಲ."

"ರಮ್ಯಾ."

ಎರಡು.

"ಬೆಳಿಗ್ಗೆ ಕಾದೆ" ಎಂದಳು, ನನಗೋ, ಅಜ್ಜಿಗೋ. "ಅವನಿಗೆ ಎರಡೇ ಸಲ ಕರೆಯೋವಷ್ಟು ಉಸಿರಿದ್ದಿದ್ರೆ?"

ಆಮೇಲೆ ಗಟ್ಟಿಯಾಗಿ, ಕಮರಿ ತುಂಬುವಷ್ಟು ಗಟ್ಟಿಯಾಗಿ, "ಓ" ಎಂದು ತಿರುಗಿದಳು.

ನಾನು ಕಿವಿಗೊಟ್ಟು ಕಾದೆ. ಅವಳ ಓ ವಾಪಸು ಬರಲಿಲ್ಲ.

೧೧

ತಿರುಗಿದವಳಿಗೆ ಕಂಡದ್ದನ್ನು ಮೂರು ಬಗೆಯಲ್ಲಿ ಬರೆದು ಮೂರನ್ನೂ ಹರಿದೆ. ರಾಕೇಶ, ಫಾರೆಸ್ಟಿನವರು ಕೂಗುತ್ತ ಬರುವುದು ದೂರದಲ್ಲಿ ಕೇಳುತ್ತಿದೆ. ರಿಬ್ಬನ್ ಹಿಡಿದು ಬರುತ್ತಿದ್ದಾರೆ, ತಿರುವಿನವರೆಗೆ ದಾರಿ ತಪ್ಪುವುದಿಲ್ಲ. ಅಲ್ಲಿ ಕೊನೆಯ ರಿಬ್ಬನ್ ಸುತ್ತಿದೆ, ಗಂಟು ಬಿದ್ದಿಲ್ಲ.

ಬೆಳಿಗ್ಗೆ ಕಾಡಿನಲ್ಲಿ ಒಬ್ಬನಿದ್ದ. ಈಗ ಇಬ್ಬರಿದ್ದಾರೆ. ಆದ್ದರಿಂದ ಪುಸ್ತಕ ಮಡಿಸುವ ಹಾಗಿಲ್ಲ, ವ್ಯಾಸಪೀಠದ ಮೇಲೆ ತೆರೆದೇ ಇಟ್ಟು ಪಕ್ಕಕ್ಕೆ ದೀಪ ಹಚ್ಚಿದ್ದೇನೆ. ನೀವೂ ಕಾಫಿಗೆ ಏಳುವುದಾದರೆ ಈ ಪುಟವನ್ನು ಹೀಗೇ ಬಿಟ್ಟು ಏಳಿ. ಏಳುವ ಮುಂಚೆ ಒಂದು ಕೂ ಹಾಕಿ.

ಹೆಸರು ಮಾತ್ರ ಹಿಡಿಯಬೇಡಿ.