ಕೋಂ ಕಲ್ಲೇಶಪ್ಪ

“ನಿನ್ನ ಗಂಡ ಸತ್ತಿದ್ದರೆ ಸುಲಭವಾಗ್ತಿತ್ತು ಕಣವ್ವ,” ಎಂದರು ಸಹಕಾರ ಸಂಘದ ಸೆಕ್ರೆಟರಿ ಮರುಳಸಿದ್ದಪ್ಪನವರು.

ನನ್ನ ಸಾಲದ ಅರ್ಜಿಯನ್ನು ಅವರು ಓದಿರಲಿಲ್ಲ. ಮೇಜಿನ ಮೇಲೆ ಮಗುಚಿಟ್ಟು ಅದರ ಮೇಲೆ ಕನ್ನಡಕದ ಡಬ್ಬಿ ಹೇರಿದ್ದರು.

“ಸತ್ತವನಾದ್ರೆ ಒಂದು ಸರ್ಟಿಫಿಕೇಟಿಗೆ ಮುಗೀತು. ಇದ್ದೂ ಇಲ್ಲದ ಗಂಡನ್ನ ಯಾವ ಕಾಲಮ್ಮಿನಲ್ಲಿ ಬರೀಲಿ, ನೀನೇ ಹೇಳು. ಪಾಠ ಹೇಳೋಳು ನೀನು.”

“ಮನೆ ಕೊಳ್ಳೋದು ನಾನು. ಸಂಬಳ ನಂದು. ನಿಮಗೆ ಅಡವಿಡೋದೂ ಅದೇ ಮನೇನ,” ಎಂದೆ.

“ಅಲ್ಲ ಅಂದವರ್ಯಾರು? ನಾಳೆ ಕಂತು ನಿಂತು ನಾವು ಹರಾಜಿಗೆ ಬಂದಾಗ ಕಲ್ಲೇಶಪ್ಪ ಎದುರು ನಿಂತು, ಅದು ನನ್ನ ದುಡ್ಡಿನ ಮನೆ, ಇವಳದು ಬರೀ ಹೆಸರು ಅಂದ್ರೆ? ಮಡಿಕೇರಿ ಕೋರ್ಟಿಗೆ ನಾನು ಅಲೀಬೇಕಾ ಈ ವಯಸ್ಸಲ್ಲಿ?”

ಅಡಮಾನ ಪತ್ರದ ಅಚ್ಚಾದ ನಮೂನೆಯನ್ನು ನನ್ನ ಕಡೆ ತಳ್ಳಿದರು. ಗಂಡಸಿಗಾದರೆ ‘ಬಿನ್’, ಅಂದರೆ ಇಂಥವನ ಮಗ. ಹೆಂಗಸಿಗಾದರೆ ‘ಕೋಂ’, ಇಂಥವನ ಹೆಂಡತಿ. ‘ಶ್ರೀಮತಿ’ ಎಂಬುದರ ಮುಂದೆ ಒಂದು ಖಾಲಿ ಗೆರೆ, ಆಮೇಲೆ ‘ಕೋಂ’, ಆಮೇಲೆ ಇನ್ನೊಂದು ಖಾಲಿ ಗೆರೆ. ಕೆಳಗೆ ಗಂಡನ ಒಪ್ಪಿಗೆ ಸಹಿಗೆಂದು ಬೇರೆ ಜಾಗ. ಎರಡನೆಯ ಗೆರೆ ಮೊದಲನೆಯದಕ್ಕಿಂತ ಉದ್ದವಾಗಿತ್ತು.

“ಚೆಟ್ಟಳ್ಳಿ ಏನು ದೂರ? ಹೋಗಿ ಒಂದು ಸಹಿ ಹಾಕಿಸ್ಕೊಂಡು ಬಾ. ಗಂಡನ ಮುಖ ನೋಡಿದ ಹಾಗೂ ಆಯ್ತು,” ಎಂದು ನಕ್ಕರು. ಹಿಂದೆ ಕೂತಿದ್ದ ಗುಮಾಸ್ತನೂ ನಕ್ಕ. ಹದಿನಾಲ್ಕು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕಲ್ಲೇಶಪ್ಪ ಕೂರುತ್ತಿದ್ದರು.

ಅವರು ನನ್ನನ್ನು ಬಿಟ್ಟು ಚೆಟ್ಟಳ್ಳಿಯ ಎಸ್ಟೇಟಿಗೆ ರೈಟರಾಗಿ, ಅಂದರೆ ಲೆಕ್ಕ ಬರೆಯುವವರಾಗಿ, ಹೋದ ಮೇಲೆ ನಾನು ಕುಶಾಲನಗರದ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಸೇತುವೆಗೆ ಹೋಗುವ ರಸ್ತೆಯಲ್ಲಿ ಬೆಳ್ಳಿಯಪ್ಪನವರ ಮನೆಯನ್ನು ಬಾಡಿಗೆಗೆ ಹಿಡಿದೆ. ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಜಗಲಿ. ಈಗ ಬೆಳ್ಳಿಯಪ್ಪನವರು ಮನೆ ಮಾರುತ್ತಿದ್ದರು. ಸೇತುವೆಯಾಚೆ, ಮೈಸೂರು ಕಡೆಯ ಮರದ ಕಂಟ್ರಾಕ್ಟರನೊಬ್ಬ ಬಂದು ಗೋಡೆಗಳನ್ನು ಕೋಲಿನಿಂದ ತಟ್ಟಿ ನೋಡಿ ಹೋಗಿದ್ದ. ಕೆಡವಿ ಡಿಪೋ ಮಾಡುತ್ತಾನಂತೆ. “ಶ್ರಾವಣ ಹುಟ್ಟೋವರೆಗೆ ನಿಮಗೋಸ್ಕರ ಕಾಯ್ತೇನೆ ಟೀಚರಮ್ಮ. ಆಮೇಲೆ ನನ್ನನ್ನ ಬೈಬಾರದು,” ಎಂದಿದ್ದರು ಬೆಳ್ಳಿಯಪ್ಪ. ಮೈಮೇಲಿನ ಬಂಗಾರ ಮಾರಿ ಅರ್ಧ ಹೊಂದಿಸಿದ್ದೆ. ಉಳಿದರ್ಧ ಸಂಘದಿಂದ ಬರಬೇಕು. ಬಾರದಿದ್ದರೆ ಕೊಡ್ಲಿಪೇಟೆಯ ತಮ್ಮನ ಮನೆ. ಅಲ್ಲಿ ನನ್ನ ಚಾಪೆ ಎಲ್ಲಿ ಹಾಸಬೇಕೆಂದು ಅವನ ಹೆಂಡತಿ ಹೋದ ಯುಗಾದಿಗೇ ತೋರಿಸಿದ್ದಳು. ಹಿಂದಿನ ಕೋಣೆ, ಭತ್ತದ ಮೂಟೆಗಳ ಪಕ್ಕ.

ಭಾನುವಾರ ಬಸ್ಸು ಹತ್ತಿದೆ. ಸುಂಟಿಕೊಪ್ಪದಲ್ಲಿ ಇಳಿದು ಎಸ್ಟೇಟಿನ ಜೀಪಿನಲ್ಲಿ ಗೊಬ್ಬರದ ಚೀಲಗಳ ನಡುವೆ ಕೂತು ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿದೆ, ಕೆಡವಿದೆ. ಬೇಡಿಕೊಳ್ಳುವ ಮಾತು ಬಾಯಿಗೆ ಬರಲಿಲ್ಲ. ಬೈಯುವ ಮಾತು ಬೇಕಾದಷ್ಟು ಬಂತು, ಆದರೆ ಅದಕ್ಕೆ ಸಹಿ ಸಿಗುವುದಿಲ್ಲ.

ರೈಟರ ಕ್ವಾರ್ಟರ್ಸಿನ ಬಾಗಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ಅವರು ಇಟ್ಟುಕೊಂಡವಳು. ಚಿನ್ನ ಎಂದು ಹೆಸರು ಕೇಳಿದ್ದೆ, ಮುಖ ನೋಡಿರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳು. ಎಸ್ಟೇಟಿನ ಕೂಲಿ ಲೈನಿನಲ್ಲೇ ಹುಟ್ಟಿ ಬೆಳೆದವಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಮೊರ ಕೆಳಗಿಡದೆ ಕೂಗಿದಳು.

“ರೈಟ್ರೇ, ನಿಮ್ಮ ಪೇಟೆಯವಳು ಬಂದವ್ಳೆ.”

ನಾನು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ.

ಕಲ್ಲೇಶಪ್ಪ ಒಳಗಿಂದ ಬಂದರು. ಕೂದಲು ಉದುರಿತ್ತು, ಹೊಟ್ಟೆ ಬಂದಿತ್ತು. ಕಿವಿಯ ಮೇಲೆ ಪೆನ್ಸಿಲು ಮಾತ್ರ ಮೊದಲಿನ ಜಾಗದಲ್ಲೇ ಇತ್ತು. ನಾನು ಚೀಲದೊಳಗೆ ಕೈ ಹಾಕಿ ನಮೂನೆಯ ಅಂಚನ್ನು ಹಿಡಿದೆ. ಬಾಯಿ ತೆರೆಯುವ ಮೊದಲೇ ಅವರು ಕೂಗಾಡತೊಡಗಿದರು.

“ಗೊತ್ತು ನನಗೆ ಯಾಕೆ ಬಂದೆ ಅಂತ! ಶಿರಂಗಾಲದಲ್ಲಿ ಎರಡೆಕರೆ ಗದ್ದೆ ತಗೊಂಡೆ ಅನ್ನೋದು ನಿನ್ನ ಕಿವಿಗೆ ಬಿತ್ತು. ಜೀವನಾಂಶ ಕೇಳೋಕೆ ಬಂದಿದೀಯ. ಯಾವ ವಕೀಲ ಹೇಳಿಕೊಟ್ಟ?”

ಶಿರಂಗಾಲದ ಗದ್ದೆಯ ವಿಷಯ ನನಗೆ ಗೊತ್ತಾದದ್ದು ಆಗಲೇ. ಅಲ್ಲ ಎನ್ನಲು ನಾಲಿಗೆ ಎದ್ದಿತ್ತು. ಚೀಲದೊಳಗೆ ಕಾಗದ ಬೆರಳಿಗೆ ತಾಗುತ್ತಿತ್ತು. ಈ ಮನುಷ್ಯ ನನ್ನ ಬಾಯಿಂದ ಯಾವತ್ತೂ ಒಂದು ವಾಕ್ಯ ಪೂರ್ತಿ ಕೇಳಿದವರಲ್ಲ. ಮದುವೆಯಾದ ಆರು ವರ್ಷವೂ ನನ್ನ ಮಾತನ್ನು ತಾವೇ ಮುಗಿಸಿ, ತಾವೇ ಉತ್ತರ ಹೇಳಿ, ತಾವೇ ಸಿಟ್ಟಾಗುತ್ತಿದ್ದರು. ಇವತ್ತೂ ಮುಗಿಸಲಿ ಎನಿಸಿತು. ಕೈಯನ್ನು ಚೀಲದಿಂದ ಹೊರಗೆ ತೆಗೆದೆ.

“ಸುಮ್ಮನೆ ನಿಂತಿದಾಳೆ ನೋಡು, ಕಲ್ಲಿನ ಹಾಗೆ,” ಎಂದರು ಚಿನ್ನಳಿಗೆ.

“ಕಲ್ಲು ಅಲ್ಲ, ಕೋರ್ಟು ಅದು. ಕೋರ್ಟು ಹಿಂಗೇ ನಿಂತ್ಕೊಳ್ಳೋದು,” ಎಂದಳು ಚಿನ್ನ. “ಏನಾದ್ರೂ ಬರೆದು ಕೊಟ್ಟು ಕಳ್ಸಿ ರೈಟ್ರೇ. ಇನ್ನೊಂದ್ಸಲ ಈ ಬಾಗಿಲಿಗೆ ಬರಬಾರ್ದು ಹಂಗೆ ಬರೀರಿ. ದೊರೆ ಬಂಗಲೆಗೆ ಹೋಗಿ ಅತ್ಲು ಅಂದ್ರೆ ನಿಮ್ಮ ಕೆಲ್ಸ ಹೋಯ್ತು.”

“ಬಂಗಲೆ ಎಲ್ಲಿದೆ ಅಂತ ಜೀಪಿನವನು ತೋರಿಸಿದಾನೆ,” ಎಂದೆ. ಅದು ಸುಳ್ಳಲ್ಲ. ದಾರಿಯಲ್ಲಿ ತೋರಿಸಿದ್ದ.

ಅಷ್ಟು ಸಾಕಾಯಿತು. ಕಲ್ಲೇಶಪ್ಪ ಒಳಗಿಂದ ಕಾಗದ, ಮಸಿ, ಕೂಲಿ ಬಟವಾಡೆಗೆಂದು ಇಟ್ಟಿದ್ದ ಒಂದಾಣೆ ಸ್ಟಾಂಪು ತಂದರು. “ನಮ್ಮವರಲ್ಲಿ ಬಿಡುಗಡೆ ಪತ್ರ ಹಿಂದಿನಿಂದಲೂ ಇದೆ. ಬರೆದು ಬಿಸಾಕ್ತೀನಿ, ಹೋಗು. ಊರಲ್ಲಿ ತಲೆ ಎತ್ತಿ ತಿರುಗು ನೋಡೋಣ ಇನ್ನು,” ಎಂದು ಕೂತು ಬರೆಯತೊಡಗಿದರು.

ಬರೆಯಲು ಕೂತರೆ ಅವರು ಬೇರೆಯೇ ಮನುಷ್ಯ. ಸಿಟ್ಟು ಇಳಿದು ಹೋಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ತಮ್ಮ ಅಕ್ಷರದ ಮೇಲೆ, ದಸ್ತಾವೇಜಿನ ಭಾಷೆಯ ಮೇಲೆ ಅವರಿಗಿದ್ದ ಹೆಮ್ಮೆ ನನ್ನ ಮೇಲೆ ಯಾವತ್ತೂ ಇರಲಿಲ್ಲ. ಬರೆದು ಮುಗಿಸಿ, ಗಟ್ಟಿಯಾಗಿ ಓದಿದರು:

“ಈ ದಿನದಿಂದ ನಮ್ಮಿಬ್ಬರಿಗೂ ಗಂಡಹೆಂಡಿರೆಂಬ ಸಂಬಂಧವಿರುವುದಿಲ್ಲ. ಹಾಲಿ ಇರುವ ಮತ್ತು ಮುಂದೆ ಸಂಪಾದಿಸುವ ಸ್ಥಿರ ಚರ ಸ್ವತ್ತುಗಳಲ್ಲಿ ಒಬ್ಬರದರ ಮೇಲೆ ಇನ್ನೊಬ್ಬರಿಗೆ ಯಾವ ವಿಧವಾದ ಹಕ್ಕೂ, ತಕರಾರೂ ಇರತಕ್ಕದ್ದಲ್ಲ.”

ಒಬ್ಬರದರ ಮೇಲೆ ಇನ್ನೊಬ್ಬರಿಗೆ. ತಮ್ಮ ಗದ್ದೆಯನ್ನು ಕಾಯಲು ಕಟ್ಟಿದ ಬೇಲಿಯನ್ನು, ಪದ್ಧತಿ ತಪ್ಪಬಾರದೆಂದು, ನನ್ನ ಸುತ್ತಲೂ ಎಳೆದುಬಿಟ್ಟಿದ್ದರು. ಹರಕು ಚಪ್ಪಲಿಯ ಈ ಟೀಚರಮ್ಮನಿಗೆ ಸ್ವತ್ತು ಎಂಬುದೊಂದು ಇರಬಹುದೆಂದು ಅವರ ತಲೆಗೆ ಹೊಳೆಯಲೇ ಇಲ್ಲ. ನಾನು ನೆಲ ನೋಡುತ್ತ ನಿಂತೆ. ಮುಖ ಎತ್ತಿದ್ದರೆ ಗೊತ್ತಾಗಿಬಿಡುತ್ತಿತ್ತು.

ಸ್ಟಾಂಪಿನ ಮೇಲೆ ತಾವು ಸಹಿ ಹಾಕಿ, ಕೆಳಗೆ ನನ್ನಿಂದಲೂ ಹಾಕಿಸಿದರು. ಇನ್ನು ಇಬ್ಬರು ಸಾಕ್ಷಿ ಬೇಕು. ಪಕ್ಕದ ಮನೆಯ ಮೇಸ್ತ್ರಿ ದೇರಪ್ಪ ಬಂದು, ಯಾರ ಮುಖವನ್ನೂ ನೋಡದೆ ಸಹಿ ಹಾಕಿದ. ಇನ್ನೊಬ್ಬರು ಸಿಗಲಿಲ್ಲ. ಭಾನುವಾರ, ಲೈನೆಲ್ಲ ಸಂತೆಗೆ ಹೋಗಿತ್ತು.

“ಬಾ, ನೀನೇ ಹೆಬ್ಬೆಟ್ಟೊತ್ತು,” ಎಂದು ಕಲ್ಲೇಶಪ್ಪ ಚಿನ್ನಳನ್ನು ಕರೆದು, ಮಸಿ ಡಬ್ಬಿ ತೆರೆದರು. ಹೆಬ್ಬೆಟ್ಟಿನ ಜಾಗದ ಪಕ್ಕದಲ್ಲಿ ಅವಳ ಹೆಸರು ಬರೆದರು.

“ನನ್ನ ಹೆಸ್ರಿನ ಪಕ್ಕ ಏನೋ ಬರೆದ್ರಲ್ಲ, ಏನದು?” ಎಂದಳು.

“ನಾಲ್ಕನೇ ನಂಬರ್ ಲೈನು ಅಂತ.”

“ಲೈನು ಬಿಟ್ಟು ಹನ್ನೆರಡು ವರ್ಷ ಆಯ್ತಲ್ಲ ನಾನು.”

“ಚೆಕ್‌ರೋಲಿನಲ್ಲಿ, ಕೂಲಿ ಪಟ್ಟೀಲಿ, ಹಾಗೇ ಇದೆ. ಒತ್ತು, ಒತ್ತು.”

ಆಗ ನಾನು ಬಾಯಿ ತೆರೆದೆ. ಯಾಕೆ ತೆರೆದೆನೋ, ಅವಳ ಮೇಲಿನ ಕನಿಕರವಂತೂ ಅಲ್ಲ.

“ಕೋಂ ಕಲ್ಲೇಶಪ್ಪ ಅಂತ ಬರೀರಿ. ಜಾಗ ಖಾಲಿ ಆಯ್ತಲ್ಲ.”

“ನೀನು ಬಾಯಿ ಮುಚ್ಚು,” ಎಂದರು ಅವರು.

“ಏನದು ಕೋಂ?” ಚಿನ್ನ ನನ್ನ ಕಡೆ ತಿರುಗಿದಳು.

“ಹೆಂಡತಿ ಅಂತ. ಸರ್ಕಾರದ ಭಾಷೆ.”

ಅವಳು ಮಸಿ ಮುಟ್ಟಿದ ಹೆಬ್ಬೆರಳನ್ನು ಎತ್ತಿ ಹಿಡಿದು ನಿಂತಳು. “ಅದು ಬರೀರಿ ರೈಟ್ರೇ.”

“ಆಮೇಲೆ ನೋಡೋಣ. ಇದೇನು ಈಗ...”

“ಆಮೇಲೆ ಅಂದ್ರೆ ಯಾವಾಗ? ಇವಳಿಗೆ ಇಷ್ಟು ವರ್ಷ ಇತ್ತಲ್ಲ, ಏನು ಸುಖ ಪಟ್ಲೋ ಬಿಟ್ಲೋ, ಇತ್ತು. ಬರೀದೆ ನಾನು ಒತ್ತಲ್ಲ. ಮೇಸ್ತ್ರಿ, ನೀವೂ ನೋಡಿ.”

ದೇರಪ್ಪ ಕೆಮ್ಮಿದ. “ಬರ್ದ್‌ಬುಡಿ ರೈಟ್ರೇ. ಮಳೆ ಬರೋ ಹಂಗದೆ,” ಎಂದ.

ಕಲ್ಲೇಶಪ್ಪ ಲೈನಿನ ನಂಬರನ್ನು ಹೊಡೆದು ಬರೆದರು. ‘ಚಿನ್ನ ಕೋಂ ಕಲ್ಲೇಶಪ್ಪ.’ ಆ ಎರಡು ಪದ ಮಾತ್ರ ವಕ್ರವಾಗಿ ಬಿದ್ದವು. ಚಿನ್ನ ಹೆಬ್ಬೆಟ್ಟು ಒತ್ತಿ, ಬಗ್ಗಿ, ಒಣಗಲೆಂದು ಬಾಯಿಂದ ಗಾಳಿ ಊದಿದಳು. ಓದಲು ಬಾರದ ಆ ಪದದ ಮೇಲೂ ಊದಿದಳು.

ಗೇಟಿನವರೆಗೆ ನನ್ನ ಹಿಂದೆಯೇ ಬಂದಳು. ಕಳಿಸಲು ಬಂದದ್ದಲ್ಲ, ಹೋದೆನೆಂದು ನೋಡಲು.

“ಚೀಲದಲ್ಲಿ ಇನ್ನೊಂದು ಕಾಗದ ಇತ್ತು. ಹೊರಗೆ ತೆಗೆಯಕ್ಕೆ ಹೋಗಿ ಬಿಟ್ಟೆ. ನಾನು ನೋಡ್ದೆ,” ಎಂದಳು.

ಪತ್ರ ಆಗಲೇ ನನ್ನ ರವಿಕೆಯೊಳಗಿತ್ತು. “ಮನೆ ಕೊಳ್ಳೋ ಕಾಗದ,” ಎಂದೆ.

“ಯಾರ ಮನೆ?”

“ನಂದು.”

ಅವಳ ಮುಖ ಬಿಗಿಯಿತು. “ಮೊದ್ಲೇ ಗೊತ್ತಾಗಿದ್ರೆ ಅರ್ಧ ಕೇಳಿ ಅಂತ ರೈಟ್ರಿಗೆ ಹೇಳ್ತಿದ್ದೆ.”

“ಹೇಳ್ತಿದ್ದೆ ಅಂತ ಗೊತ್ತಿತ್ತು.”

“ಕಳ್ಳಿ ನೀನು,” ಎಂದಳು. ಆದರೆ ಹಿಂದೆ ತಿರುಗಿ ಅವರನ್ನು ಕೂಗಲಿಲ್ಲ. ತನ್ನ ಹೆಬ್ಬೆರಳಿನ ಮಸಿಯನ್ನು ಗೇಟಿನ ಕಂಬಕ್ಕೆ ಉಜ್ಜಿ, ಒಳಗೆ ಹೋದಳು.

ಮರುದಿನ ಮರುಳಸಿದ್ದಪ್ಪನವರು ಬಿಡುಗಡೆ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

“ಇದನ್ನ ಅವನೇ ಬರೆದ್ನಾ?”

“ನಿಮ್ಮ ಹಳೇ ಲೆಜ್ಜರಿನಲ್ಲಿ ಅವರ ಅಕ್ಷರ ಇರಬೇಕು. ತೆಗೆದು ಪಕ್ಕದಲ್ಲಿಟ್ಟು ನೋಡಿ.”

ತೆಗೆಯಲಿಲ್ಲ. ಎರಡು ಸಲ ಓದಿದರು. ‘ಒಬ್ಬರದರ ಮೇಲೆ ಇನ್ನೊಬ್ಬರಿಗೆ’ ಎಂಬಲ್ಲಿ ಬೆರಳು ನಿಂತಿತು. “ಎಂಥಾ ದಡ್ಡ,” ಎಂದರು ಮೆಲ್ಲಗೆ. ಆಮೇಲೆ ನನ್ನನ್ನು ನೋಡಿದರು. “ಅಲ್ಲ, ಬಿಟ್ಟವಳು ಅಂತ ಕಾಗದ ಮಾಡಿಸ್ಕೊಂಡು ಬಂದಿದೀಯಲ್ಲ, ನಾಚಿಕೆ ಆಗಲ್ವಾ? ಎರಡು ಕೋಣೆ ಮನೆಗೆ?”

“ಬಿಟ್ಟು ಹದಿನಾಲ್ಕು ವರ್ಷ ಆಗಿದೆ. ನಿನ್ನೆ ಆಗಿದ್ದು ಕಾಗದ. ಬಿಟ್ಟವಳಿಗೆ ಸಾಲ ಕೊಡಬಾರದು ಅಂತ ಬೈಲಾದಲ್ಲಿ ಇದ್ದರೆ ತೋರಿಸಿ.”

ಬೈಲಾದ ಪುಟಗಳನ್ನು ಬಹಳ ಹೊತ್ತು ಮಗುಚಿದರು. ಸಿಗಲಿಲ್ಲ. “ನಮೂನೆಯಲ್ಲಿ ಕೋಂ ಅಂತ ಅಚ್ಚಾಗಿದೆ. ಹೆಂಗಸಿಗೆ ಬಿನ್ ಹಾಕೋಕಾಗಲ್ಲ. ಹಾಗಾದ್ರೆ ನೀನು ಯಾರವಳು, ಅದನ್ನಾದ್ರೂ ಹೇಳು,” ಎಂದು ಅಲ್ಲಿಗೆ ಬಂದು ನಿಂತರು.

ಅವರ ಪೆನ್ನನ್ನೇ ತೆಗೆದುಕೊಂಡು ‘ಕೋಂ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದೆ. ಮೇಲೆ ‘ಮಲ್ಲಪ್ಪನವರ ಮಗಳು’ ಎಂದು ಬರೆದೆ. ಸೋಮವಾರಪೇಟೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತ ಅಡಮಾನ ಪತ್ರವನ್ನು ಓದುತ್ತ ಓದುತ್ತ ಆ ಜಾಗದಲ್ಲಿ ತಡೆದ. ಕೊನೆಯಲ್ಲಿ, ‘ಎರಡನೇ ಸಾಲಿನಲ್ಲಿ ಒಂದು ಪದ ಹೊಡೆದು ಎರಡು ಪದ ಸೇರಿಸಿದೆ’ ಎಂದು ಷರಾ ಬರೆದು ಅದರ ಪಕ್ಕ ಇನ್ನೊಂದು ಸಹಿ ಹಾಕಿಸಿಕೊಂಡ. ಹೀಗೆ ಒಂದು ಮನೆಗೆ ನಾನು ಎರಡು ಸಲ ಸಹಿ ಹಾಕಬೇಕಾಯಿತು. ಹತ್ತು ವರ್ಷದ ಕಂತು. ಕ್ರಯಪತ್ರ ಸಂಘದ ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ಮನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಗೌರಿ ಹಬ್ಬದ ದಿನ ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆಯಲು ಸೆಕ್ರೆಟರಿಯವರ ಹೆಂಡತಿ ಸುಮಿತ್ರಮ್ಮ ಹೊರಟಿದ್ದರು. ಗಂಡ ಜೊತೆಗಿಲ್ಲದಿದ್ದರೂ ಇಷ್ಟು ವರ್ಷ ನನ್ನನ್ನು ಕರೆಯುತ್ತಿದ್ದರು. ಆಚೆ ಮನೆ ಮುಗಿಸಿ, ನನ್ನ ಜಗಲಿ ಹತ್ತಿ, ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತರು.

“ನಿಮ್ಮನ್ನ ಕರೀಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ ಟೀಚರಮ್ಮ. ಏನೋ ಕಾಗದ ಗೀಗದ ಅಂತಿದ್ರು ನಮ್ಮನೆಯವರು. ಅದಕ್ಕೇ ಕೇಳಿಕೊಂಡೇ ಹೋಗೋಣ ಅಂತ ಬಂದೆ.”

ಕರೆಯುವುದಿಲ್ಲವೆಂದು ಹೇಳಲು ಮನೆಯವರೆಗೆ ಬಂದಿದ್ದರು. ಎದುರು ಜಗಲಿಯಿಂದ ಇಬ್ಬರು ನೋಡುತ್ತಿದ್ದರು.

“ಕರೀಬೇಡಿ,” ಎಂದೆ. “ಕೇಳಿದ್ದಾಯ್ತಲ್ಲ, ಜಗಲಿ ಇಳೀರಿ.”

“ಅಯ್ಯೋ! ಇವರ ಜಗಲಿಯಂತೆ! ಕಂತು ಮುಗಿಯೋವರೆಗೆ ಇದು ನಮ್ಮ ಸಂಘದ್ದು ಕಣ್ರೀ.”

“ಸಂಘಕ್ಕೆ ಬರೆದುಕೊಟ್ಟ ಪತ್ರ ಪೂರ್ತಿ ಓದಿದೀನಿ ಸುಮಿತ್ರಮ್ಮ. ಸಂಘ ಅಂತಿದೆ. ಸಂಘದವರ ಕೋಂ ಅಂತ ಎಲ್ಲೂ ಬರೆದಿಲ್ಲ. ಇಳೀರಿ.”

ಇಳಿದರು. ಎದುರು ಜಗಲಿಯ ಇಬ್ಬರೂ ಒಳಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತೆ. ಬೆಂಕಿಪೊಟ್ಟಣ ತೆಗೆದೆ. ಎರಡು ಕಡ್ಡಿ ಮುರಿದವು, ಮೂರನೆಯದಕ್ಕೆ ಬೆಂಕಿ ಹತ್ತಿತು.